ಎರಡೂವರೆ ಇಂಚು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅಳತೆ. ಗಾಳಿಗೆ ಉರುಳಿದ ಮರ ಅಕ್ಕನ ವರ್ಕ್‌ಶಾಪಿನ ಹಿಂದೆ ಹಾಗೇ ಬಿದ್ದಿದೆ. ಬುಡ ಇಪ್ಪತ್ತೆಂಟು ಇಂಚು. ಓಣಿ ಕಿರಿದು, ಲಾರಿ ನುಗ್ಗದು. ಹಲಗೆ ಕೊಯ್ಯುವ ಮಿಲ್ಲೇ ಮರದ ಬಳಿ ಬರಬೇಕು. ಎರಡು ಮೆಷಿನ್ ನೋಡಿಟ್ಟಿದ್ದೇನೆ. ಒಂದು ಬ್ಯಾಂಡ್ ಗರಗಸದ್ದು — ಬಿಚ್ಚಿ ತಂದು ಹಳಿಯ ಮೇಲೆ ಜೋಡಿಸುವುದು. ಇನ್ನೊಂದು ಚೈನ್ ಗರಗಸಕ್ಕೆ ಸಿಕ್ಕಿಸುವ ಬರೀ ಚೌಕಟ್ಟು. ಒಬ್ಬನೇ ಹೊರಬಹುದು, ಆದರೆ ಪ್ರತಿ ಕೊಯ್ತಕ್ಕೂ ಕಾಲಿಂಚು ಮರ ಹೊಟ್ಟಾಗುತ್ತದೆ.

ಹೆಂಡತಿ: “ಮನೆ ತಗೊಳ್ಳೋಕೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ ನೀವು. ನನ್ನನ್ನ ಒಪ್ಪಿದ್ದಂತೂ ಅರ್ಧ ಗಂಟೇಲಿ!”

ಮಾರ್ಚ್ 5

ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ದೆ. ಹೆಚ್ಚೆಂದರೆ ಇನ್ನೊಂದು ವರ್ಷ, ಅಂದರು. ಅವಳೆದುರೇ. ವಾಪಸು ಬರುವಾಗ ಅವಳು ಕೇಳಿದ್ದು ಒಂದೇ — “ಮರದ ತುದಿಗೆ ಬಣ್ಣ ಬಳಿದ್ಯಾ? ಇಲ್ದಿದ್ರೆ ಸೀಳು ಬಿಡುತ್ತೆ ಕಣೋ.”

ನನಗೆ ಉಳಿ ಹಿಡಿಯಲು ಕಲಿಸಿದವಳು. ಮೂವತ್ತು ವರ್ಷ ಕಂಡವರಿಗೆಲ್ಲ ಮೇಜು ಮಾಡಿಕೊಟ್ಟಳು. ತಾನು ಮಾತ್ರ ಹಳೇ ಬಾಗಿಲೊಂದನ್ನು ಮಲಗಿಸಿಕೊಂಡು ಅದರ ಮೇಲೇ ಕೆಲಸ. ಈ ಮರದಲ್ಲಿ ತನಗೊಂದು ಕೆಲಸದ ಬೆಂಚು ಮಾಡಿಕೊಳ್ಳಬೇಕೆಂಬ ಆಸೆ.

ಮಾರ್ಚ್ 14

ಬರೆಯಲು ಮನಸ್ಸಿರಲಿಲ್ಲ...

ಹಸಿ ಹಲಗೆ ಒಣಗಲು ಇಂಚಿಗೆ ಒಂದು ವರ್ಷ. ಅವಳೇ ಹೇಳಿಕೊಟ್ಟದ್ದು. ಕೆಲಸದ ಬೆಂಚಿಗೆ ಎರಡೂವರೆ ಇಂಚು ದಪ್ಪ ಬೇಕು. ಮುಕ್ಕಾಲು ಇಂಚಿಗೆ ಕೊಯ್ದರೆ ಅವಳಿರುವಾಗಲೇ ಒಣಗುತ್ತದೆ. ಒಂದರ ಮೇಲೊಂದು ಅಂಟಿಸಿದರಾಯಿತು. ತೆಳು ಹಲಗೆಗೆ ಬ್ಯಾಂಡ್ ಮೆಷಿನ್ನೇ ಸರಿ. ನಾಳೆ ಆರ್ಡರ್ ಮಾಡುವುದು. ಅಕ್ಕನಿಗೆ ಹೇಳುವುದಿಲ್ಲ.

ಮಾರ್ಚ್ 15, ಸಂಜೆ

ಅಳತೆ, ಎರಡೂ ಮೆಷಿನ್ನಿನ ಲೆಕ್ಕ ಬರೆದ ಚೀಟಿ ಅವಳ ಬಾಗಿಲ ಹಲಗೆಯ ಮೇಲೇ ಮರೆತಿದ್ದೆ. ಅಕ್ಕನ ಕಣ್ಣಿಗೆ ಬಿತ್ತು.

“ಮುಕ್ಕಾಲಿಂಚಾ? ಏನು, ಹಣ್ಣಿನ ಪೆಟ್ಟಿಗೆ ಮಾಡ್ತೀಯಾ?”

“ಬೇಗ ಒಣಗ್ಲಿ ಅಂತ...”

“ಯಾರಿಗೋಸ್ಕರ ಬೇಗ?”

ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

“ಆ ಚೌಕಟ್ಟಿನದೇ ತಗೋ. ದಪ್ಪ ಕೊಯ್ದರೆ ಕೊಯ್ತ ಕಮ್ಮಿ, ಹೊಟ್ಟೂ ಕಮ್ಮಿ. ಎರಡೂವರೆ ಇಂಚು. ನಾನು ಕಾಯ್ತೀನಿ.”

ಸಿಟ್ಟು ಬಂತು. ಯಾರ ಮೇಲೋ ಗೊತ್ತಿಲ್ಲ. ಹಿತ್ತಲಿಗೆ ಹೋಗಿ, ಮರದ ಮೇಲೆ ಕೂತು ಅತ್ತುಬಿಟ್ಟೆ.

ಏಪ್ರಿಲ್ 2

ಮೊದಲ ಹಲಗೆ ಬಿತ್ತು. ಅಕ್ಕ ಕುರ್ಚಿಯಲ್ಲಿ ಕೂತು, ಬೈದು ಬೈದೇ ಕೊಯ್ಯಿಸಿದಳು. ಹಲಗೆಯ ತುದಿಗೆ ಕೊಯ್ದ ದಿನ ಬರೆಯುವುದು ನಮ್ಮಿಬ್ಬರ ರೂಢಿ. ಸೀಮೆಸುಣ್ಣ ಕಿತ್ತುಕೊಂಡು ಇವತ್ತಿನ ತಾರೀಖು ಬರೆದಳು. ಅದರ ಕೆಳಗೆ, ಎರಡೂವರೆ ವರ್ಷದಾಚೆಯ ಇನ್ನೊಂದು ತಾರೀಖು.

“ಅವತ್ತು ಬೇಗ ಬಾ. ಹಲಗೆ ನಯ ಮಾಡ್ಬೇಕು, ಉಜ್ಜುಗೊರಡು ಹಿಡಿಯೋಕೆ ಇಬ್ರು ಬೇಕು.”

ಬರ್ತೀನಿ ಅಂದೆ. ಬೆಳಿಗ್ಗೆ ಆರಕ್ಕೇ ಬರ್ತೀನಿ, ನೀನು —