ಕುಳ್ಳಿನ ಸಂದಿಯ ಡಬ್ಬಿ

೧೭ ಜನವರಿ ೧೯೩೯, ಮಂಗಳವಾರ

ಇವತ್ತೂ ಬೆಂಗೇರಿ. ಇವತ್ತೂ ಅದೇ ಉತ್ತರ. ಜೊತೆಗಾರ ಕಮರುದ್ದೀನ, ಕಂಪನಿಯ ಫಾರ್ಮು ಹಿಡಿದು ಮನೆಮನೆಯ ಮುಂದೆ ಓದುತ್ತಾನೆ — ‘ವನಸ್ಪತಿ ತುಪ್ಪ ಬಳಸುತ್ತೀರಾ? ಇಲ್ಲವಾದರೆ ಕಾರಣವೇನು?’ ಹೆಂಗಸರು ಸೆರಗು ಎಳೆದುಕೊಂಡು, ‘ಅದನ್ನ ನಾವು ಮುಟ್ಟೂದಿಲ್ಲರಿ’ ಎನ್ನುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಮಾತ್ರ ಡಬ್ಬಿಗಳು ಖಾಲಿಯಾಗುತ್ತಲೇ ಇವೆ. ಹಾಗಾದರೆ ತಿನ್ನುವವರು ಯಾರು? ದೆವ್ವಗಳೇ?

ಸಂಜೆ ಕಂಪನಿಯ ಏಜೆಂಟರು ಕೆಂಡವಾಗಿದ್ದರು.

‘ಗಿರಾಕಿ ಮನಸಿನ್ಯಾಗ ಏನೈತಿ ತಿಳದು ಬರ್ರಿ ಅಂತ ನಿಮ್ಮನ್ನ ಇಟ್ಟೇನಿ. ನೀವು ಬಾಗಲಾ ನೋಡಿ ಬರಾಕತ್ತೀರಿ.’

ತಿಂಗಳ ಕೊನೆಗೆ ಮುಂಬಯಿಗೆ ಸರಿಯಾದ ರಿಪೋರ್ಟು ಹೋಗಬೇಕು. ಇಲ್ಲದಿದ್ದರೆ ನಮ್ಮಿಬ್ಬರ ನೌಕರಿಯೂ ಇಲ್ಲ. ಹೊರಡುವಾಗ ನನ್ನನ್ನು ನಿಲ್ಲಿಸಿದರು. ‘ಫಕೀರಪ್ಪ, ನೀ ಕಥಿ ಹೇಳೂದು ಕೇಳಿ ಕೆಲಸಾ ಕೊಟ್ಟೆ. ಆ ಕಥಿ ಎಲ್ಲಿ ಹ್ವಾದೂವು?’

೧೯ ಜನವರಿ

ಫಾರ್ಮು ಕಟ್ಟಿಡು ಎಂದೆ. ಕಮರುದ್ದೀನನನ್ನು ಚಹಾದಂಗಡಿಯಲ್ಲಿ ಕೂರಿಸಿ ಒಬ್ಬನೇ ಸಂಗವ್ವನ ಮನೆಗೆ ಹೋದೆ. ನಮ್ಮ ಗಬ್ಬೂರದ ಹುಡುಗಿ, ಬೆಂಗೇರಿಗೆ ಕೊಟ್ಟಿದ್ದಾರೆ. ರಕ್ತಸಂಬಂಧವಿಲ್ಲ. ಆದರೆ ತವರೂರಿನವನೆಂದರೆ ಅಣ್ಣನೇ. ಅತ್ತೆ ಕಾಳವ್ವ ಹೊಲಕ್ಕೆ ಹೋಗಿದ್ದಳು.

ಕಟ್ಟೆಯ ಮೇಲೆ ಕೂರಿಸಿ ಉಂಡಿ ಕೊಟ್ಟಳು. ನಾನು ಕಥೆ ತೆಗೆದೆ — ಬೆಣ್ಣೆ ಕದ್ದು ತಿಂದು ಬೆಕ್ಕಿನ ಮೀಸೆಗೆ ಒರೆಸಿದ ಸೊಸೆಯದು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಅವಳಿಗೆ. ಆಮೇಲೆ ಎಡಗೈ ಬಾಯಿಗೆ ಅಡ್ಡ ಹಿಡಿದಳು. ಚಿಕ್ಕಂದಿನಿಂದಲೂ ಅದೇ ಚಾಳಿ.

‘ಅಣ್ಣಾ, ನಾನೂ ಅಂಥಾಕೀನ ನೋಡು. ಯಾರ ಮುಂದೂ ಅನಬ್ಯಾಡ ಮತ್ತ.’

ಎಮ್ಮೆಯ ಹಾಲು ಬತ್ತಿದೆ. ಪ್ರತಿ ಸೋಮವಾರ ಮಠದ ಶಾಂತಯ್ಯನವರು ಊಟಕ್ಕೆ ಬರುವುದು, ಅವರಿಗೆ ತುಪ್ಪ ಬಡಿಸುವುದು ಮಾವನ ಕಾಲದ ನೇಮ. ಗಡಿಗೆಯಲ್ಲಿ ತುಪ್ಪ ತೀರಿತೆಂದರೆ, ತವರಿಗೆ ಸಾಗಿಸಿದಿ ಎನ್ನುತ್ತಾಳೆ ಅತ್ತೆ. ಗುಟ್ಟಾಗಿ ಡಬ್ಬಿ ತರಿಸಿ, ಹಿತ್ತಲಲ್ಲಿ ಒಲೆಗೆಂದು ಒಟ್ಟಿದ ಕುಳ್ಳಿನ ಸಂದಿಯಲ್ಲಿ ಇಟ್ಟಿದ್ದಾಳೆ. ವೀಳ್ಯದೆಲೆ ಹಾಕಿ ಕಾಯಿಸಿ ಬಡಿಸಿದ್ದಾಳೆ.

‘ಅಯ್ಯನೋರು ಬೆರಳು ನೆಕ್ಕಿದ್ರು ಅಣ್ಣಾ. ನಿಮ್ಮ ಎಮ್ಮಿ ಪುಣ್ಯದ್ದು ತಂಗೀ ಅಂದ್ರು. ನಾ ಒಳಗ ಓಡಿಹೋಗಿ ಸೆರಗು ಬಾಯಾಗ ತುರುಕೊಂಡೆ.’

ಇಬ್ಬರೂ ನಕ್ಕೆವು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದಳು — ‘ತವರಾಂವ ಅಂತ ಹೇಳೇನಿ.’

೨೦ ಜನವರಿ

ರಿಪೋರ್ಟು ಕೊಟ್ಟೆ. ಜನ ಕೊಳ್ಳುತ್ತಾರೆ, ಕೊಂಡು ಬಚ್ಚಿಡುತ್ತಾರೆ. ನಮ್ಮ ಡಬ್ಬಿ ದೊಡ್ಡದು, ಮೇಲೆ ಕೆಂಪು ಕಮಲ ಬೇರೆ, ಓಣಿಗೆಲ್ಲ ಕಾಣುತ್ತದೆ. ಸೆರಗಿನಲ್ಲಿ ಮುಚ್ಚಿ ತರುವಂಥ, ಚಿತ್ರವಿಲ್ಲದ ಸಣ್ಣ ಡಬ್ಬಿ ಮಾಡಿಸಿ ಎಂದೆ.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಸಾಕಿತ್ತು.

‘ನಿನಗ ಹೆಂಗ ತಿಳೀತೋ ಇದು?’ ಎಂದರು ಏಜೆಂಟರು. ಹೇಳಿದೆ. ಹೆಸರು ಹೇಳಲಿಲ್ಲ. ಆದರೆ ಕಥೆ ಶುರುವಾದ ಮೇಲೆ ನನ್ನ ಕೈಕಾಲು ನನ್ನವಲ್ಲ… ಆ ದನಿ, ಆ ಎಡಗೈ, ಬಾಯಿಗೆ ತುರುಕಿದ ಸೆರಗು — ಎಲ್ಲ ಬಂದುಬಿಟ್ಟವು. ಏಜೆಂಟರು ಮೇಜು ಗುದ್ದಿ ನಕ್ಕರು. ‘ಸಂತ್ಯಾಗ ಆಡಿ ತೋರಸು ಇದನ್ನ. ಅಯ್ಯನೋರಿಗೇ ಗೊತ್ತಾಗಲಿಲ್ಲ ಅಂದ್ರ ಮಂದಿ ಬಿಡ್ತಾರೇನು?’

ಕಮರುದ್ದೀನ ನಗಲಿಲ್ಲ. ಹೊಟ್ಟೆಕಿಚ್ಚು ಇರಬೇಕು.

೨೮ ಜನವರಿ, ಶನಿವಾರ

ಬೆಂಗೇರಿ ಸಂತೆ. ಚಕ್ಕಡಿಯ ಮೇಲೆ ನಿಂತು ಆಡಿದೆ. ಊರು ಬೇರೆ ಮಾಡಿದೆ, ಹೆಸರು ಬೇರೆ ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಬಳೆಗಾರ ಗಿರಾಕಿಯ ಕೈ ಬಿಟ್ಟು ನೋಡುತ್ತ ನಿಂತ. ಮುಗಿಯುವ ಹೊತ್ತಿಗೆ ಯಾರೋ ಕೂಗಿದರು — ‘ಏ, ಇದು ನಮ್ಮ ಕಾಳವ್ವನ ಸೊಸಿ ಅಲ್ಲೇನೋ?’

ಸಂಗವ್ವ ಅಲ್ಲಿರಲಿಲ್ಲ. ಇದ್ದಿದ್ದರೆ ನಿಲ್ಲಿಸುತ್ತಿದ್ದೆ.

೭ ಫೆಬ್ರವರಿ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತರೆ ಮೇಲಿನ ಆ ಕೊನೆಯ ಸಾಲು ಕಾಣುತ್ತದೆ. ಸುಳ್ಳು ಅದು.

ಇದ್ದಳು. ಬಳೆಗಾರ ಕೈ ಬಿಟ್ಟ ಗಿರಾಕಿ ಅವಳೇ. ಎಡಗೈ ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಚಕ್ಕಡಿಯ ಮೇಲೆ ನಾನೂ ಹಾಗೆಯೇ ನಿಂತಿದ್ದೆ. ನೋಡುವ ಕಣ್ಣಿದ್ದವರಿಗೆ ಇನ್ನೇನು ಬೇಕು? ಬೆರಳು ನೆಕ್ಕುವ ಭಾಗ ಇನ್ನೂ ಬಾಕಿ ಇತ್ತು. ಜನ ಅದಕ್ಕೇ ಕಾಯುತ್ತಿದ್ದರು. ಅವಳನ್ನು ನೋಡಿದೆ… ನೋಡಿಯೂ ಆಡಿದೆ. ಬೇಕೆಂದೇ ಸ್ವಲ್ಪ ಹೆಚ್ಚು ನೆಕ್ಕಿದೆ.

ಅದಾದ ಮೇಲೆ ಎರಡು ಸೋಮವಾರ ಶಾಂತಯ್ಯನವರು ಆ ಮನೆಗೆ ಕಾಲಿಟ್ಟಿಲ್ಲ. ಕಾಳವ್ವ ಸೊಸೆಯನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಇದನ್ನೆಲ್ಲ ಕಮರುದ್ದೀನ ಊರಲ್ಲಿ ಕೇಳಿ ತಿಳಿದು ಬಂದ.

‘ನಾ ಹೆಸರು ಹೇಳಲಿಲ್ಲಲ್ಲೋ,’ ಎಂದೆ.

‘ಹೆಸರು ಹೇಳಲಿಲ್ಲ, ಖರೇ. ಆಕಿ ಮಾರಿನ ತೋರಿಸಿದಿ.’

ಏಜೆಂಟರು ಇಲ್ಲೇ ತುಂಬಿಸಿದ ಸಣ್ಣ ಡಬ್ಬಿ ಪೇಟೆಗೆ ಬಂದಿದೆ, ಭರ್ಜರಿ ಖರ್ಚಾಗುತ್ತಿದೆ. ಏಜೆಂಟರು ಬೆನ್ನು ತಟ್ಟಿದರು. ರಾಯಾಪುರದಿಂದ ಧಾರವಾಡದವರೆಗೆ ತಿರುಗಲು ಹೊಸ ಹುಡುಗರನ್ನು ತೆಗೆದುಕೊಂಡಿದ್ದಾರೆ. ಮನೆಯವರ ಮನಸ್ಸಿನ ಮಾತು ಹೊರಗೆ ತೆಗೆಯುವುದು ಹೇಗೆಂದು ನಾನು ಕಲಿಸಬೇಕಂತೆ. ಮುಂದಿನ ಸೋಮವಾರದಿಂದ.

೮ ಫೆಬ್ರವರಿ

ಬೆಂಗೇರಿಗೆ ಹೋದೆ. ‘ಕಥಿ ಫಕೀರಪ್ಪ ಬಂದಾನ, ಒಳಗ ನಡೀರಿ’ ಎಂದಳು ಒಬ್ಬಳು. ಓಣಿಯುದ್ದಕ್ಕೂ ಬಾಗಿಲು ಹಾಕಿಕೊಂಡವು. ಇನ್ನು ಇಲ್ಲಿ ಫಾರ್ಮು ತಂದರೂ ಇಲ್ಲ, ಕಥೆ ತಂದರೂ ಇಲ್ಲ.

ಕಾಳವ್ವ ಕಟ್ಟೆಯ ಮೇಲಿದ್ದಳು. ‘ಬಾರಪ್ಪಾ ಆಟದಾಂವ. ನಮ್ಮ ಮನ್ಯಾಗ ಇನ್ನ ಏನರ ಉಳದೈತಿ ಏನು ಒಯ್ಯಾಕ?’

ಸುತ್ತು ಹಾಕಿ ಹಿತ್ತಲಿಗೆ ಹೋದೆ. ಸಂಗವ್ವ ಕುಳ್ಳು ತಟ್ಟುತ್ತಿದ್ದಳು. ಸಗಣಿಯ ಕೈ ಹಿಂದೆ ಮಾಡಿಕೊಂಡು ಎದ್ದು ನಿಂತಳು.

‘ಅಣ್ಣಾ, ನಾ ಒಳಗ ಹೋಗಂಗಿಲ್ಲ. ಒಂದ ತಂಬಿಗಿ ನೀರೂ ಕೊಡಾಕ ಆಗೂದಿಲ್ಲ.’

ನನಗೆ ಕೊಡಲಾಗದ್ದಕ್ಕೆ ಅವಳ ಮುಖ ಸಣ್ಣದಾಗಿತ್ತು. ತಪ್ಪಾಯಿತು ಅನ್ನಬೇಕೆಂದೇ ಹೋದವನು ನಾನು. ಊರು ನಗಿಸುವ ಬಾಯಿ, ‘ನೀರು ಬ್ಯಾಡ ಬಿಡವ್ವಾ’ ಅಂತಷ್ಟೇ ಅಂದಿತು.

‘ಗಬ್ಬೂರಿಗೆ ಹ್ವಾದ್ರ ಅವ್ವಗ ಹೇಳಬ್ಯಾಡ,’ ಎಂದಳು. ಮತ್ತೆ ಕೂತು ಸಗಣಿಗೆ ಕೈ ಹಾಕಿ — ‘ಇದನ್ನರೆ ಹೇಳಬ್ಯಾಡ.’

೧೨ ಫೆಬ್ರವರಿ, ರವಿವಾರ. ಗಬ್ಬೂರ

ಸಂಗವ್ವನ ತಾಯಿ ತನ್ನ ಮನೆಯ ಮುಂದೆ ದಾರಿಯಲ್ಲೇ ಹಿಡಿದಳು. ಕಣ್ಣು ಮಂಜಾಗಿವೆ ಮುದುಕಿಗೆ.

‘ಬೆಂಗೇರಿ ಕಡೆ ತಿರಗತಿ ಅಂತಲ್ಲೋ. ನನ್ನ ಮಗಳು ಹೆಂಗದಾಳ? ನೀ ಹೇಳಿದ್ರ ಕಂಡಂಗ ಆಕ್ಕೈತಿ.’

ಹೇಳಿದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ ಎಂದೆ. ಅತ್ತೆ ಪಕ್ಕದಲ್ಲೇ ಕೂತು, ಸಾಕು ಏಳವ್ವಾ, ದಣದೀ ಅನ್ನುತ್ತಾಳೆ ಎಂದೆ. ಅಂಗೈಯಿಂದ ರೊಟ್ಟಿ ಬಡಿಯುವ ಸದ್ದನ್ನೂ ಮಾಡಿ ತೋರಿಸಿದೆ. ಬಹಳ ಚೆನ್ನಾಗಿ ಹೇಳಿದೆ. ಮುದುಕಿ ಕಣ್ಣೊರೆಸಿಕೊಂಡು ನಕ್ಕು, ಒಳಗಿನಿಂದ ಸಣ್ಣ ಗಡಿಗೆ ತಂದಳು.

‘ಮನಿ ತುಪ್ಪ. ಆಕಿ ಕೈಯಾಗ ಕೊಡು. ಸೋಮವಾರ ಅಯ್ಯನೋರಿಗೆ ಬಡಸಲಿ.’

ಗಡಿಗೆ ಎದುರಿಗಿದೆ. ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿದ್ದಾಳೆ. ನಾಳೆಯೇ ಸೋಮವಾರ. ರಾಯಾಪುರದಲ್ಲಿ ಹುಡುಗರು ಪಾಠಕ್ಕೆ ಕಾಯುತ್ತಾರೆ. ಕಾಯಲಿ. ಮೊದಲು ಮಠಕ್ಕೆ ಹೋಗಬೇಕು. ಶಾಂತಯ್ಯನವರ ಎದುರು ನಿಂತು ಹೇಳಬೇಕು — ಯಾರ ದನಿಯನ್ನೂ ತೆಗೆಯದೆ, ಕೈ ಆಡಿಸದೆ. ಹೇಗೆಂದು ಇಲ್ಲೇ ಬರೆದು ನೋಡುತ್ತೇನೆ.

‘ಅಯ್ಯನೋರ, ಸಂಗವ್ವ ಏನ ಮಾಡಿದ್ಲಂದ್ರ —’

ಅಲ್ಲ. ಮತ್ತೆ ಅವಳಿಂದಲೇ ಶುರು ಮಾಡಿದೆ.

‘ಅಯ್ಯನೋರ, ನಾನು ಏನ ಮಾಡಿದೆ ಅಂದ್ರ —’