ಸನ್ಮಾನ ಪತ್ರವನ್ನು ಸಾಕ್ಷ್ಯವೆಂದು ಓದಿದವರಿಗೆ

ಪೊಲೀಸ್ ಬಲಪ್ರಯೋಗದ ಪರಿಶೀಲನೆಗೆಂದು ಸಂಸತ್ತು ನೇಮಿಸಿದ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಮಧ್ಯಂತರ ವರದಿಯ ನಲವತ್ತೊಂದನೆಯ ಪುಟದಲ್ಲಿ ನೀವು ಉಲ್ಲೇಖಿಸಿರುವ ವಾಕ್ಯ ನನ್ನದು. "ದೀನರ ಪಾಲಿಗೆ ಕರುಣಾಸಾಗರ, ನ್ಯಾಯಪರತೆಯಲ್ಲಿ ಮೇರುಪರ್ವತ" ಎಂಬ ಆ ಮಾತನ್ನು 'ಏಷ್ಯನ್ ಸಮುದಾಯದ ಅಭಿಪ್ರಾಯ' ಎಂಬ ತಲೆಬರಹದ ಕೆಳಗೆ ಅಚ್ಚು ಹಾಕಿಸಿದ್ದೀರಿ. ಅದರ ಬಲದ ಮೇಲೆ, ನಮ್ಮ ಊರಿನಲ್ಲಿ ಕಪ್ಪು, ಕಂದು ಬಣ್ಣದವರ ಮೇಲೆ ಪೊಲೀಸರು ಮಿತಿಮೀರಿ ಕೈಮಾಡುತ್ತಾರೆಂಬ ದೂರು "ಸಾರ್ವತ್ರಿಕವೆನ್ನಲಾಗದು" ಎಂದು ಷರಾ ಬರೆದಿದ್ದೀರಿ. ಆ ವಾಕ್ಯ ಸುಳ್ಳು. ಬರೆದವಳೇ ಹೇಳುತ್ತಿದ್ದೇನೆ, ತೆಗೆದುಹಾಕಿ.

ಇದನ್ನೇ ಫೆಬ್ರವರಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ. ನಿಮ್ಮ ಕಚೇರಿಯಿಂದ ಮೂರು ಸಾಲಿನ ಉತ್ತರ ಬಂತು. ನಿಮ್ಮ ಸಮುದಾಯದ ಅಭಿಪ್ರಾಯ ನಿಮ್ಮದೇ ಸಂಘದ ಪತ್ರದ ಮೂಲಕ ಸಮಿತಿಗೆ ತಲುಪಿದೆ, ಆಸಕ್ತಿಗಾಗಿ ವಂದನೆಗಳು ಎಂದಿತ್ತು. ನಾನು ಬರೆದದ್ದನ್ನೇ ನನ್ನ ಬಾಯಿಗೆ ಬೀಗ ಮಾಡಿ ಹಾಕುವ ಜಾಣತನಕ್ಕೆ ತಲೆದೂಗಬೇಕಾದ್ದೇ. ಆದ್ದರಿಂದ ಈ ಸಲ ನಮ್ಮ ಕನ್ನಡ ಕೂಟದ ತ್ರೈಮಾಸಿಕದಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇನ್ನೂರು ಪ್ರತಿ ಅಚ್ಚಾಗುವ ಪತ್ರಿಕೆ ಇದು. ಆ ಹೊಗಳಿಕೆಯನ್ನು ಬರೆದದ್ದು ಇದೇ ಭಾಷೆಯಲ್ಲಿ, ಅದಕ್ಕೆ ಚಪ್ಪಾಳೆ ತಟ್ಟಿದವರು ಇದೇ ಓದುಗರು, ಹಿಂತೆಗೆದುಕೊಳ್ಳುವುದೂ ಅವರೆದುರಿಗೇ ಆಗಲಿ. ಇಂಗ್ಲಿಷ್ ಅನುವಾದ ನಿಮಗೆ ಅಂಚೆಯಲ್ಲಿ ಬರುತ್ತದೆ.

ಮೊದಲು ಸನ್ಮಾನ ಪತ್ರ ಎಂದರೆ ಏನೆಂದು ಹೇಳಬೇಕು. ನಿಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲ, ಅದಕ್ಕೇ ಮೋಸ ಹೋಗಿದ್ದೀರಿ, ಅಥವಾ ಮೋಸ ಹೋಗಲು ಮನಸ್ಸು ಮಾಡಿದ್ದೀರಿ. ಕನ್ನಡಿಗರು ನಾಲ್ಕು ಜನ ಒಂದು ಕಡೆ ಸೇರಿದರೆ ಐದನೆಯವರಿಗೆ ಸನ್ಮಾನ ಮಾಡುತ್ತೇವೆ. ಶಾಲು ಹೊದಿಸಿ, ಗಂಧದ ಹಾರ ಹಾಕಿ, ತಲೆಗೆ ಮೈಸೂರು ಪೇಟ ಇಟ್ಟು, ಕೈಗೆ ಹಣ್ಣಿನ ತಟ್ಟೆ ಕೊಟ್ಟು, ಚೌಕಟ್ಟು ಹಾಕಿಸಿದ ಹೊಗಳಿಕೆಯೊಂದನ್ನು ಗಟ್ಟಿಯಾಗಿ ಓದುತ್ತೇವೆ. ಅದರಲ್ಲಿರುವ ಒಂದು ಅಕ್ಷರವನ್ನೂ ಓದುವವರಾಗಲಿ ಕೇಳುವವರಾಗಲಿ ನಂಬುವುದಿಲ್ಲ, ಹೊದಿಸಿಕೊಂಡವರೂ ನಂಬುವುದಿಲ್ಲ. ಎಲ್ಲರ ಗಮನ ಅಡುಗೆಮನೆಯಿಂದ ಬರುವ ಬಿಸಿಬೇಳೆಬಾತಿನ ವಾಸನೆಯ ಕಡೆ ಇರುತ್ತದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಯುಗಾದಿ ಕಾರ್ಯಕ್ರಮಕ್ಕೆ ಈ ಭಾಗದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದೆವು. ಕೂಟದ ಕಾರ್ಯದರ್ಶಿ ನಾನು, ಸನ್ಮಾನ ಪತ್ರ ಬರೆಯುವ ಕೆಲಸ ನನ್ನದು. ನಮ್ಮ ಅಧ್ಯಕ್ಷರಾದ ನಾಗಭೂಷಣ ಅವರು ಫೋನಿನಲ್ಲಿ ಹೇಳಿದ ಮಾತು ನೆನಪಿದೆ: "ಹೋದ ವರ್ಷ ಆ ಹಲ್ಲಿನ ಡಾಕ್ಟ್ರಿಗೆ ಬರ್ದಿದ್ರಲ್ಲ ಮೇಡಂ, ಅದೇ ಇರ್ಲಿ. ಹೆಸರು ಬದಲಾಯ್ಸಿ, ಸಾಕು. ಇಂಗ್ಲಿಷಲ್ಲೂ ಒಂದು ಮಾಡ್ಬಿಡಿ, ಅವರಿಗೆ ಖುಷಿಯಾಗತ್ತೆ." ಹಾಗೇ ಮಾಡಿದೆ. 'ದಂತವೈದ್ಯ' ಎಂದಿದ್ದ ಕಡೆ 'ಪೊಲೀಸ್ ಅಧಿಕಾರಿ' ಎಂದು ಟೈಪಿಸಿದೆ. ಕರುಣಾಸಾಗರವೂ ಮೇರುಪರ್ವತವೂ ಇದ್ದಲ್ಲೇ ಇದ್ದವು. ಅಧಿಕಾರಿಗಳು ಪೇಟ ಸರಿಮಾಡಿಕೊಂಡು, "ನಿಮ್ಮಂಥವರಿಂದ ನಮಗೆ ಎಂದೂ ತೊಂದರೆಯಿಲ್ಲ" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಹಾಗಾದರೆ ಯಾರಂಥವರಿಂದ ತೊಂದರೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ನಮಗೆ ಕಾಣಲಿಲ್ಲ, ಏಕೆಂದರೆ ಉತ್ತರ ನಮಗೆ ಗೊತ್ತಿತ್ತು ಮತ್ತು ಆ ಉತ್ತರದಲ್ಲಿ ನಾವಿಲ್ಲ ಎಂಬುದೇ ನಮ್ಮ ನೆಮ್ಮದಿಯಾಗಿತ್ತು. ಆ ಹಲ್ಲಿನ ಡಾಕ್ಟರ ಹೊಗಳಿಕೆಯನ್ನು ಪೊಲೀಸರು ನಿಮಗೆ ಪುರಾವೆಯಾಗಿ ಕೊಟ್ಟಿದ್ದಾರೆ, ನೀವು ಅದನ್ನು ಪುರಾವೆಯಾಗಿ ಸ್ವೀಕರಿಸಿದ್ದೀರಿ.

ಈಗ ವರದಿಯ ಕೊನೆಗೆ ಬನ್ನಿ. ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲು: "ದೂರು 117: ಆಸ್ಪತ್ರೆ ನೌಕರ. ಸ್ವತಂತ್ರ ಸಾಕ್ಷಿ ಇಲ್ಲ. ಆಧಾರರಹಿತ." ಆ ನೌಕರರ ಹೆಸರು ಕಾರ್ಲ್ಟನ್. ಹೆಸರು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ತಂದೆತಾಯಿ ಜಮೈಕಾದಿಂದ ಬಂದವರು, ಅವರು ಹುಟ್ಟಿದ್ದು ಇದೇ ಊರಿನ ಬಡಾವಣೆಯಾದ ಮಾಸ್ ಸೈಡ್‌ನಲ್ಲಿ. ವಯಸ್ಸು ಐವತ್ತಮೂರು. ನಾನು ಅರಿವಳಿಕೆ ವೈದ್ಯೆಯಾಗಿರುವ ಆಸ್ಪತ್ರೆಯಲ್ಲಿ ಅವರು ಪೋರ್ಟರ್, ಅಂದರೆ ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ರೋಗಿಗಳ ಟ್ರಾಲಿ ತಳ್ಳುವವರು. ಹನ್ನೊಂದು ವರ್ಷ ನನ್ನ ರೋಗಿಗಳನ್ನು ನನ್ನ ಕೈಗೆ ಒಪ್ಪಿಸಿದವರು. ಹೆದರಿ ನಡುಗುವ ಅಜ್ಜಿಯರಿಗೆ ದಾರಿಯುದ್ದಕ್ಕೂ, "ಮೊಣಕೈ ಒಳಗಿರಲಿ ಲವ್, ಬಾಗಿಲು ಬಂತು" ಎನ್ನುತ್ತಾ ಕರೆತರುತ್ತಿದ್ದರು. ಅವರು ಕರೆತಂದ ರೋಗಿಗೆ ನಾನು ಧೈರ್ಯ ಹೇಳಬೇಕಾಗುತ್ತಿರಲಿಲ್ಲ.

2002ರ ಅಕ್ಟೋಬರ್, ಮಧ್ಯಾಹ್ನ ನಾಲ್ಕು ಗಂಟೆ. ಪಾಳಿ ಮುಗಿಸಿದ ಕಾರ್ಲ್ಟನ್ ಆಸ್ಪತ್ರೆ ಎದುರಿನ ಬಸ್ ಹಿಡಿಯಲು ಓಡಿದರು. ಪೊಲೀಸರು ಆ ಹೊತ್ತಿಗೆ ಯಾರನ್ನೋ ಹುಡುಕುತ್ತಿದ್ದರಂತೆ. ಓಡುವ ಕರಿಯ ಗಂಡಸು ಕಣ್ಣಿಗೆ ಬಿದ್ದ ಮೇಲೆ ಹುಡುಕುವುದು ಇನ್ನೇನು ಉಳಿಯಿತು? ಮೂವರು ಸೇರಿ ಅವರನ್ನು ಕಲ್ಲುಹಾಸಿನ ಮೇಲೆ ಬೋರಲು ಕೆಡವಿದರು. ಒಬ್ಬ ಬೆನ್ನ ಮೇಲೆ ಮೊಣಕಾಲೂರಿದ, ಒಬ್ಬ ಬಲಗೈಯನ್ನು ಹಿಂದಕ್ಕೆ ತಿರುಚಿ ಮೇಲಕ್ಕೆ ಎಳೆದ. ಕೋಟಿನ ಜೇಬಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇದೆ ಎಂದು ಅವರು ಹೇಳುತ್ತಲೇ ಇದ್ದರು. ಆ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಭುಜದಿಂದ ಕೈಗೆ ಹೋಗುವ ನರ ಹರಿಯಿತು. ಇಂದಿಗೂ ಆ ಕೈಯಲ್ಲಿ ಟೀ ಲೋಟ ನಿಲ್ಲುವುದಿಲ್ಲ. ಅವರಿಗೆ ಸಿಕ್ಕಿದ್ದು ಪೊಲೀಸರ ಮೇಲೆ ಕೈಮಾಡಿದ ಅಪರಾಧಿ ಎಂಬ ತೀರ್ಪು. ಈಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಡಗೈಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾರೆ. ಆ ಕೆಲಸವೂ ಎಷ್ಟು ದಿನವೋ ಗೊತ್ತಿಲ್ಲ.

ಆ ಮೂವರೂ ಬಲಪ್ರಯೋಗದ ನಮೂನೆ ತುಂಬಿದ್ದಾರೆ. ಮೂರರಲ್ಲೂ ಒಂದೇ ವಾಕ್ಯವಿದೆ: "ಅಗತ್ಯವಿದ್ದಷ್ಟೇ ಬಲ ಬಳಸಲಾಯಿತು." ಅದನ್ನು ಅವರ ಮೇಲಧಿಕಾರಿ ಓದಿ ಸರಿಯಿದೆ ಎಂದರು, ದೂರು ವಿಭಾಗ ಮೇಲಧಿಕಾರಿಯನ್ನು ಓದಿ ಸರಿಯಿದೆ ಎಂದಿತು, ನೀವು ದೂರು ವಿಭಾಗವನ್ನು ಓದಿ ಸರಿಯಿದೆ ಎಂದಿರಿ. ಮಾನ್ಯರೇ, ಇದನ್ನು ಶಾಸಕಾಂಗದ ಮೇಲ್ವಿಚಾರಣೆ ಎನ್ನುತ್ತೀರಾ? ನಮ್ಮ ಥಿಯೇಟರಿನಲ್ಲಿ ಒಂದು ಹೊಟ್ಟೆ ಮುಚ್ಚುವ ಮೊದಲು, ರಕ್ತ ಒರೆಸಲು ಬಳಸಿದ ಬಟ್ಟೆಯ ತುಣುಕುಗಳನ್ನು ಇಬ್ಬರು ನರ್ಸ್‌ಗಳು ಗಟ್ಟಿಯಾಗಿ ಎಣಿಸುತ್ತಾರೆ. ಲೆಕ್ಕ ಗೋಡೆಯ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಸರ್ಜನ್ ಎಷ್ಟೇ ದೊಡ್ಡವರಿರಲಿ, "ಒಳಗೆ ಏನೂ ಬಿಟ್ಟಿಲ್ಲ, ನಂಬಿ" ಎಂದರೆ ಯಾರೂ ನಂಬುವುದಿಲ್ಲ. ಅದನ್ನು ಅವಮಾನವೆಂದು ಯಾವ ಸರ್ಜನ್ನೂ ತಿಳಿಯುವುದಿಲ್ಲ. ಕತ್ತಿ ಹಿಡಿಯುವ ಅಧಿಕಾರ ಇರುವವರ ಮಾತನ್ನೇ ಕಡೆಯ ಮಾತಾಗಿ ತೆಗೆದುಕೊಳ್ಳಬಾರದೆಂಬ ಇಷ್ಟು ಸಣ್ಣ ತಿಳಿವಳಿಕೆ ಒಂದು ಸಂಸತ್ತಿಗೆ ಇರಬೇಡವೇ?

ಆದರೆ ನೀವು ಕೇಳಬಹುದು, ಸ್ವತಂತ್ರ ಸಾಕ್ಷಿ ಇಲ್ಲವೆಂದು ಬರೆದದ್ದರಲ್ಲಿ ತಪ್ಪೇನು, ಇರಲಿಲ್ಲವಲ್ಲ ಎಂದು.

ಇದ್ದಳು. ನಾನಿದ್ದೆ. ಆಸ್ಪತ್ರೆಯಿಂದ ಡಿಡ್ಸ್‌ಬರಿಯ ಮನೆಗೆ ಹೊರಟ ನನ್ನ ಕಾರು ಅವರಿಂದ ಹತ್ತು ಅಡಿ ದೂರದಲ್ಲಿ, ಬಸ್ಸಿನ ಹಿಂದೆ ನಿಂತಿತ್ತು. ಸಿಗ್ನಲ್ ಎರಡು ಸಲ ಹಸಿರಾದರೂ ಬಸ್ಸು ಅಲ್ಲಾಡಲಿಲ್ಲ. ಇಳಿಯಲು ನನಗೆ ಬೇಕಾದಷ್ಟು ಹೊತ್ತಿತ್ತು. ಉಸಿರಾಟ ನೋಡುವುದೇ ನನ್ನ ಕಸುಬು. ಎದೆ ಏಳುತ್ತಿದೆಯೇ, ತುಟಿಯ ಬಣ್ಣ ಹೇಗಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಕಾರ್ಲ್ಟನ್ ಅವರ ಎದೆ ಸರಿಯಾಗಿ ಏಳುತ್ತಿರಲಿಲ್ಲ. ಗಡಿಯಾರ ನೋಡುವ ಅಭ್ಯಾಸವೂ ಬಿಡಲಿಲ್ಲ. ಒಂದು ನಿಮಿಷ ಐವತ್ತು ಸೆಕೆಂಡು. ಅವರು ಯಾರ ಮೇಲೂ ಕೈಮಾಡಲಿಲ್ಲ, ಅವರ ಎರಡು ಕೈಯೂ ಪೊಲೀಸರ ಹಿಡಿತದಲ್ಲಿದ್ದವು. ಬಸ್ಸು ಮುಂದೆ ಸರಿಯಿತು, ಹಿಂದಿನವನು ಹಾರ್ನ್ ಹೊಡೆದ, ನಾನು ಹೊರಟುಹೋದೆ.

ಮನೆಗೆ ಬಂದು ನನ್ನ ಗಂಡ ಚಿದಾನಂದನಿಗೆ ಹೇಳಿದೆ. ಇಲ್ಲೇ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯ ಅವನು, ಒಳ್ಳೆಯ ಮನುಷ್ಯ. "ನಿರು, ನಮ್ಮ ಪೌರತ್ವದ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ. ಈಗ ಪೊಲೀಸ್ರ ಉಸಾಬರಿ ಯಾಕೆ ಬೇಕು ನಮ್ಗೆ? ಬೇರೆ ಯಾರಾದ್ರೂ ನೋಡಿರ್ತಾರೆ ಬಿಡು," ಎಂದ. ನನಗೂ ಬೇಕಾಗಿದ್ದದ್ದು ಅದೇ ಮಾತು. ಪಾಸ್‌ಪೋರ್ಟ್ ಜನವರಿಯಲ್ಲಿ ಬಂತು. ನೆಪ ಮುಗಿಯಿತು, ಭಯ ಮುಗಿಯಲಿಲ್ಲ. ಕಾರ್ಲ್ಟನ್ ಅವರನ್ನು ಫೆಬ್ರವರಿಯಲ್ಲಿ ಅಪರಾಧಿ ಎಂದರು. ಏಪ್ರಿಲ್‌ನಲ್ಲಿ ನಾನು ಕುಳಿತು ಕರುಣಾಸಾಗರ ಎಂದು ಟೈಪಿಸಿದೆ. ಹಲ್ಲಿನ ಡಾಕ್ಟರ ಹೆಸರು ತೆಗೆದು ಅಧಿಕಾರಿಯ ಹೆಸರು ಹಾಕಿ, ಚೌಕಟ್ಟು ಹಾಕಿಸಲು ಕಳಿಸಿದೆ. ನಾಚಿಕೆಯಾಗುತ್ತದೆ ಎಂದು ಬರೆದರೆ ಕಡಿಮೆಯಾದೀತು. ನನ್ನ ಮೇಲೆ ನನಗೆ ಅಸಹ್ಯವಿದೆ.

ಈ ಪತ್ರ ಅಚ್ಚಿಗೆ ಕೊಡುವ ಮೊದಲು ಕಾರ್ಲ್ಟನ್ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಟಿವಿಯ ಸದ್ದು ತಗ್ಗಿಸಿ ಕೇಳಿದರು. ಕೊನೆಗೆ, "ನನಗೆ ಗೊತ್ತು, ಡಾಕ್. ನೆಲದಿಂದಲೇ ನಿಮ್ಮ ಕಾರು ಕಾಣ್ತಿತ್ತು," ಎಂದರು.

"ಮತ್ತೆ ವಕೀಲರಿಗೆ ಯಾಕೆ ಹೇಳಲಿಲ್ಲ?"

"ಹೇಳಿ, ನೀವು ಏನೂ ನೋಡಲಿಲ್ಲ ಅಂದುಬಿಟ್ಟಿದ್ರೆ?" ಅವರು ನನ್ನ ಮುಖ ನೋಡಲಿಲ್ಲ. "ಕೈ ಹೋಗಿತ್ತು. ನಿಮ್ಮನ್ನೂ ಕಳ್ಕೊಳ್ಳೋಕೆ ಇಷ್ಟ ಇರ್ಲಿಲ್ಲ."

ಮಾನ್ಯರೇ, ಸಾಕ್ಷಿ ಇಲ್ಲವೆಂಬುದಕ್ಕೆ ನಿಮ್ಮ ಅನುಬಂಧದಲ್ಲಿ ಇರುವ ಅರ್ಥ ಒಂದೇ. ಅದಕ್ಕೆ ಇಂಥ ಅರ್ಥವೂ ಇದೆ. ಇನ್ನೆಷ್ಟು 'ಆಧಾರರಹಿತ'ಗಳ ಹಿಂದೆ ನನ್ನಂಥ ಮರ್ಯಾದಸ್ಥರು ಕಿಟಕಿ ಏರಿಸಿಕೊಂಡು ಕುಳಿತಿದ್ದಾರೋ, ನೀವು ಹುಡುಕಿದ್ದೀರಾ? ಅಂತಿಮ ವರದಿಗೆ ಹೇಳಿಕೆ ಪಡೆಯಲು ಏಪ್ರಿಲ್ ಮೂವತ್ತರವರೆಗೆ ನಿಮಗೆ ಕಾಲಾವಕಾಶವಿದೆ. ಆ ಸನ್ಮಾನ ಪತ್ರ ಹೊರಗೆ ಹೋಗಬೇಕು. ದೂರು 117 ಅನುಬಂಧದಿಂದ ಹೊರಬಂದು ನಿಮ್ಮ ಮೇಜಿನ ಮೇಲೆ ಬರಬೇಕು. ಆ ಮೂವರನ್ನು ಬಹಿರಂಗ ವಿಚಾರಣೆಗೆ ಕರೆಸಿ, ಮೂರು ನಮೂನೆಗಳಲ್ಲಿ ಒಂದೇ ವಾಕ್ಯ ಹೇಗೆ ಬಂತೆಂದು ಕೇಳಿ. ಪೊಲೀಸರು ಕೈಯೆತ್ತಿದ ಪ್ರತಿ ಪ್ರಸಂಗವನ್ನೂ ಪೊಲೀಸರಲ್ಲದವರು ಪರೀಕ್ಷಿಸಬೇಕೆಂದು ಕಾನೂನು ಮಾಡಿ. ಅದಕ್ಕಾಗಿಯೇ ಜನ ನಿಮ್ಮನ್ನು ಆರಿಸಿದ್ದು.

ನನ್ನನ್ನು ಪ್ರಮಾಣ ಮಾಡಿಸಿ ಕೇಳಿ. ನಾನು ಕಂಡದ್ದನ್ನೂ, ಕಂಡು ಹೊರಟುಹೋದದ್ದನ್ನೂ ಹೇಳುತ್ತೇನೆ. ವೈದ್ಯೆಯಾಗಿದ್ದೂ ಕಾರಿನಿಂದ ಇಳಿಯದೆ ಹೋದದ್ದಕ್ಕೆ ನನ್ನ ಮೇಲೆ ಕ್ರಮ ಜರುಗಿಸಿದರೆ ಜರುಗಿಸಲಿ. ಆದರೆ ಮೊದಲು ಕರೆಯಬೇಕಾದ್ದು ನನ್ನನ್ನಲ್ಲ. ಹದಿನೇಳು ತಿಂಗಳಿಂದ ನಿಜ ಹೇಳುತ್ತಿರುವವರು ಕಾರ್ಲ್ಟನ್. ಡಾಕ್ಟರೊಬ್ಬಳು ಹೌದು ಎಂದ ಮೇಲೆ ಮಾತ್ರ ಆ ನಿಜಕ್ಕೆ ಬೆಲೆ ಬರುವುದಾದರೆ, ನಿಮ್ಮ ಸಮಿತಿಯ ಕಾಯಿಲೆ ಅದೇ. ಅವರು ಹೇಳಿ ಮುಗಿಸುವವರೆಗೆ ನಾನು ಹೊರಗಿನ ಬೆಂಚಿನ ಮೇಲೆ ಕಾಯುತ್ತೇನೆ.

ಇಂತಿ,
ಕೇಳುವ ಮೊದಲೇ ಬರಬೇಕಾಗಿದ್ದ ಸಾಕ್ಷಿ,
ಡಾ. ನಿರುಪಮಾ
ಡಿಡ್ಸ್‌ಬರಿ, ಮಾರ್ಚ್ 2004