ಕೆಂಪು ಬಾಲವಿಲ್ಲದ ಗವಸು

ಮನೆಯಿಂದ,
ಹನ್ನೊಂದನೆಯ ತಾರೀಕು, ಭಾನುವಾರ ಬೆಳಗ್ಗೆ ಹತ್ತೂವರೆ

ಮುದ್ದಿನ ಚೂಟಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಕಿವಿನೋವು ಈಗ ಹೇಗಿದೆ? ಮೇಲೆ ಹಾರಿ ಕೆಳಗಿಳಿದ ದಿನವೆಲ್ಲ ಎಡಗಿವಿ ಮುಚ್ಚಿಕೊಂಡೇ ಇರುತ್ತದೆ, ಡಾಕ್ಟರು ಎಂಟು ದಿನ ವಿಮಾನ ಹತ್ತಬೇಡ ಅಂದಿದ್ದಾರೆ ಎಂದು ಬರೆದಿದ್ದೆ. ಕಿವಿ ನೋಯುವುದು ಒಳ್ಳೆಯದು ಎಂದು ಯಾವ ಅಜ್ಜನೂ ಬರೆಯಬಾರದು, ಆದರೂ ಈ ಸಲ ಅದು ಇನ್ನೊಂದು ವಾರ ಹಾಗೇ ಇರಲಿ ಎಂದು ನನಗೆ ಅನ್ನಿಸಿದ್ದು ನಿಜ. ಮಂಗಳವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತೇನೆ, ಕಾರ್ಖಾನೆಯಿಂದ ಹೊಸ ವಿಮಾನ ತೆಗೆದುಕೊಂಡು ಹೋಗಿ ಸೈನ್ಯದ ನಿಲ್ದಾಣಕ್ಕೆ ಬಿಟ್ಟು ಬರಬೇಕು ಎಂದಿದ್ದೀಯ. ಈ ಕಾಗದ ನಾಳೆ ಸಂಜೆಯೊಳಗೆ ನಿನ್ನ ಕೈ ಸೇರಬೇಕು. ಯುದ್ಧದ ಕಾಲ, ಅಂಚೆಗೆ ಹಾಕಿದರೆ ಮೊದಲು ಸರ್ಕಾರದವರು ಕತ್ತರಿ ಹಿಡಿದು ಓದುತ್ತಾರೆ, ಅರ್ಧ ನಿನಗೆ ಸಿಗುತ್ತದೆ, ಅದೂ ಹತ್ತು ದಿನಕ್ಕೆ. ಅದಕ್ಕೆ ನಾನು ಹೊಲಿಗೆಗೆ ಹೋಗುವ ವರ್ಕ್‌ಶಾಪಿನ ಸಾಮಾನು ಒಯ್ಯುವ ಲಾರಿಯವನ ಕೈಲಿ ಕೊಡುತ್ತಿದ್ದೇನೆ. ಸಂಜೆ ಐದಕ್ಕೆ ಬರುತ್ತೇನೆ ಎಂದಿದ್ದಾನೆ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಟೆಲಿಫೋನ್ ಕಚೇರಿಯಲ್ಲಿ ಈಗ ಎರಡು ಪಾಳಿ ಮಾಡಬೇಕಂತೆ. ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ, “ಅಪ್ಪಾ, ಊರಿನ ಮಾತೆಲ್ಲ ಕೇಳಿ ಬಂದಿದ್ದೀನಿ, ನಿಮ್ಮದು ಕೇಳೋಕೆ ಕಿವಿ ಖಾಲಿ ಇಲ್ಲ” ಅನ್ನುತ್ತಾಳೆ. ಹಾಗನ್ನುತ್ತಲೇ ನಿನ್ನ ಕಾಗದ ಬಂತಾ ಎಂದು ಕೇಳುತ್ತಾಳೆ. ಈಗ ನನ್ನ ಪಕ್ಕದಲ್ಲೇ ಕುಳಿತು ಹಾಸಿಗೆಯ ಬಿಳಿ ಹೊದಿಕೆಯೊಂದನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸುತ್ತಿದ್ದಾಳೆ. ಏಕೆ ಎಂದು ಮುಂದೆ ಹೇಳುತ್ತೇನೆ. ನಾನು ಬರೆದದ್ದನ್ನು ಓದಿಯೇ ಮಡಚುವುದು ಅವಳ ಅಭ್ಯಾಸ, ನಿನಗೆ ಗೊತ್ತಲ್ಲ.

ನಿನ್ನ ಕಾಗದ ನಿನ್ನೆ ಲಾರಿಯವನ ಕೈಲೇ ಬಂತು. ವಿಮಾನ ಬಿದ್ದು ಏಣಿ ಹೋದಳು ಎಂಬ ಸಾಲನ್ನು ನಿನ್ನ ಅಮ್ಮ ಎರಡು ಸಲ ಜೋರಾಗಿ ಓದಿದಳು, ಮೊದಲ ಸಲ ತಪ್ಪು ಓದಿದೆ ಎಂದುಕೊಂಡು. ಉದ್ದಕ್ಕಿದ್ದಾಳೆಂದು ನೀವೆಲ್ಲ ಏಣಿ ಎಂದು ಕರೆದ ಆ ಹುಡುಗಿ ನಿನ್ನ ಕೋಣೆಯ ಜೊತೆಗಾತಿಯಾದರೂ ನಮಗೆ ಹೊರಗಿನವಳಲ್ಲ. ಹೋದ ರಜೆಯಲ್ಲಿ ನಿನ್ನ ಜೊತೆ ಬಂದು, ಬಾಗಿಲಿಗೆ ತಲೆ ತಗಲಿಸಿಕೊಂಡು, ಒಳಗೆ ಕಾಲಿಟ್ಟವಳೇ, “ಅಜ್ಜ, ಸರ್ಕಾರದ ಪ್ಯಾಂಟು ನನ್ನ ಮೊಣಕಾಲಿಗೇ ಮುಗಿದುಹೋಗುತ್ತೆ, ಮುಂದಕ್ಕೆ ನೀವೇ ನೋಡಿಕೊಳ್ಳಿ” ಅಂದಳು. ಅಂಚು ಬಿಚ್ಚಿ ನಾಲ್ಕು ಬೆರಳು ಇಳಿಸಿಕೊಟ್ಟೆ. ಹೊಸ ಬಟ್ಟೆ ಸೇರಿಸಿದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದಳು, ಸಿಗಲಿಲ್ಲ. “ಎಲ್ಲಿ ಸೇರಿಸಿದ್ದೀರಿ ಅಂತಲೇ ಗೊತ್ತಾಗಲ್ಲ ಅಜ್ಜ” ಅಂದಳು. ನಾನು ಉಬ್ಬಿಹೋದೆ. ಹೊಲಿಗೆ ಹಾಕಿದ್ದು ಕಾಣಬಾರದು ಎಂದು ನಿನಗೂ ಚಿಕ್ಕಂದಿನಿಂದ ಹೇಳಿಕೊಟ್ಟವನು ನಾನೇ ಅಲ್ಲವೇ.

ನೀನು ಕೇಳಿದ್ದೀಯ: “ಕೋಣೆಯ ಬೀಗ ಮೂರು ಸಲ ಎಳೆದು ನೋಡುತ್ತಿದ್ದವಳು ಅವಳು. ವೇಗದ ಕೊಳವೆಯ ಗವಸು ತೆಗೆಯದೆ ಹಾರಿದಳು ಅಂತಾರೆ. ಇದು ಹೇಗೆ ಸಾಧ್ಯ ಅಜ್ಜ?” ಇದಕ್ಕೆ ಉತ್ತರ ನನಗೆ ಗೊತ್ತಿದೆ. ಬರೆಯಲು ಬೆಳಗಿನಿಂದ ಕೈ ಬರುತ್ತಿರಲಿಲ್ಲ.

ರೆಕ್ಕೆಯ ಕೆಳಗಿನಿಂದ ಮುಂದಕ್ಕೆ ಚಾಚಿಕೊಂಡ ಆ ಬೆರಳಿನ ಗಾತ್ರದ ಕೊಳವೆಯ ವಿಷಯ ನನಗೆ ಕಲಿಸಿದವಳು ನೀನು. ಪೆನ್ನಿನ ಮುಚ್ಚಳಕ್ಕೆ ಊದಿ ತೋರಿಸಿದ್ದೆ. ಹಾರುವಾಗ ಎದುರುಗಾಳಿ ಅದರೊಳಗೆ ನುಗ್ಗುತ್ತದೆ, ಆ ಒತ್ತಡದಿಂದಲೇ ಒಳಗಿನ ಮುಳ್ಳು ವೇಗ ತೋರಿಸುತ್ತದೆ, ಆ ಮುಳ್ಳು ಸತ್ತರೆ ವೇಗವನ್ನು ಊಹಿಸಿಯೇ ಇಳಿಯಬೇಕು, ಊಹೆ ತಪ್ಪಿ ವೇಗ ಸ್ವಲ್ಪ ಕಡಿಮೆಯಾದರೂ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ ಎಂದಿದ್ದೆ. ನೆಲದಲ್ಲಿ ನಿಂತಾಗ ದೂಳು, ಹುಳ ಹೋಗದಿರಲಿ ಎಂದು ಅದಕ್ಕೆ ಬಟ್ಟೆಯ ಗವಸು. ಆ ಗವಸಿಗೆ ಒಂದು ಮೊಳದ ಕೆಂಪು ಬಾಲ. ಹತ್ತುವವರು ವಿಮಾನದ ಸುತ್ತ ಒಂದು ಸುತ್ತು ಬರುವಾಗ ಕಣ್ಣು ಹುಡುಕುವುದು ಗವಸನ್ನಲ್ಲ, ಆ ಕೆಂಪನ್ನು. ಕೆಂಪು ಹಾರಾಡುತ್ತಿದ್ದರೆ ಗವಸು ಇದೆ, ಕೆಂಪು ಇಲ್ಲದಿದ್ದರೆ ಯಾರೋ ತೆಗೆದಿದ್ದಾರೆ. ನಿಮಗೆಲ್ಲ ಕಲಿಸಿದ್ದೇ ಹಾಗೆ.

ನಾಲ್ಕು ತಿಂಗಳಿಂದ ನಮ್ಮ ವರ್ಕ್‌ಶಾಪಿಗೆ ಕೆಂಪು ಬಟ್ಟೆ ಬಂದಿಲ್ಲ. ಬಣ್ಣವೇ ಸಿಗುತ್ತಿಲ್ಲವಂತೆ. ಮೊದಲು ಬಾಲ ಗೇಣುದ್ದಕ್ಕೆ ಇಳಿಯಿತು, ಆಮೇಲೆ ಎರಡು ಬೆರಳಿಗೆ, ಆಮೇಲೆ ಬಾಲವಿಲ್ಲದೆಯೇ ಕಳಿಸಿ ಎಂದು ಆರ್ಡರ್ ಬಂತು. ನಮ್ಮ ಮೇಸ್ತ್ರಿ ಕೆಟ್ಟವನಲ್ಲ, ಹೆದರುಪುಕ್ಕಲ. “ಗವಸು ಇಲ್ಲದೇ ಇರೋದಕ್ಕಿಂತ ಬಾಲ ಇಲ್ಲದ ಗವಸು ವಾಸಿ ಅಲ್ವಾ ಯಜಮಾನರೇ?” ಅಂದ. ನಾನೂ ಹೌದು ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗವಸುಗಳು ಗಾಳಿಗೆ ಉದುರಿಹೋಗುತ್ತಿವೆ, ಮಳೆಗೆ ಕೊಳೆಯುತ್ತಿವೆ ಎಂದು ನಿಲ್ದಾಣಗಳಿಂದ ದೂರು ಬರುತ್ತಿತ್ತು. ವಿಮಾನದ ಹೊದಿಕೆಗೆ ಬಳಸುವ ಬೂದು ಬಟ್ಟೆಯ ಚೂರುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಗಟ್ಟಿ ಬಟ್ಟೆ, ನೀರು ಹಿಡಿಯುವುದಿಲ್ಲ. ಅದರಲ್ಲೇ ಹೊಲಿಯೋಣ ಎಂದವನು ನಾನು. ಬಿಗಿಯಾಗಿ ಕೂರುವಂತೆ ಹೊಸ ಅಳತೆ ತೆಗೆದವನೂ ನಾನು. ಒಂದನ್ನು ಕೊಳವೆಗೆ ತೊಡಿಸಿ ನೋಡಿದರೆ, ಚೂಟಿ, ಕೊಳವೆಗೆ ಚರ್ಮ ಬಂದ ಹಾಗಿತ್ತು. ಬಣ್ಣವೂ ಅದೇ. ಮೇಸ್ತ್ರಿ ಎಲ್ಲರನ್ನೂ ಕರೆದು ತೋರಿಸಿದ. ಅಂಥ ಆರುನೂರು ಗವಸು ಈಗಾಗಲೇ ಹೊರಗಿವೆ.

ಅದು ಕಾಣುವುದಿಲ್ಲ ಎಂದು ನನಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಣದಿರುವುದೇ ಒಳ್ಳೆಯ ಕೆಲಸ ಎಂದು ಐವತ್ತು ವರ್ಷ ನಂಬಿದವನಿಗೆ ಹೊಳೆಯುವುದೂ ಕಷ್ಟ.

ಬುಧವಾರ ತನಿಖೆಯ ಅಧಿಕಾರಿ ವರ್ಕ್‌ಶಾಪಿಗೆ ಬಂದಿದ್ದರು. ಒಂದು ಗವಸು ತಂದಿದ್ದರು, ಏನೋ ಕೇಳಿದರು, ಬರೆದುಕೊಂಡು ಹೋದರು. ಯಾರ ವಿಮಾನ, ಯಾರು ಇದ್ದರು ಎಂದು ಅವರು ಹೇಳಲಿಲ್ಲ. ಶುಕ್ರವಾರದ ಪೇಪರಿನ ನಾಲ್ಕನೆಯ ಪುಟದಲ್ಲಿ ಆರು ಸಾಲು ಬಂತು. ವಿಮಾನ ತಲುಪಿಸುತ್ತಿದ್ದ ಮಹಿಳೆಯೊಬ್ಬರು ಇಳಿಯುವಾಗ ಬಿದ್ದು ಸತ್ತರು, ಎಲ್ಲರ ಕಣ್ಣಿಗೂ ಬೀಳುವ ಕೆಂಪು ಬಾಲದ ಗವಸನ್ನು ತೆಗೆಯದೆ ಹಾರಿದ್ದೇ ಕಾರಣ, ಇದು ಚಾಲಕಿಯ ಅಜಾಗರೂಕತೆ ಎಂದು. ಆರು ದಿನಕ್ಕೆ ಒಂದರಂತೆ ಇಂಥ ಸುದ್ದಿ ಓದುತ್ತಲೇ ಇದ್ದೇನೆ. ಯಾವಾಗಲೂ ಕಾರಣ ಒಂದೇ, ಹಾರಿಸಿದವರದೇ ತಪ್ಪು. ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲವಲ್ಲ. ನಿನ್ನ ಕಾಗದ ಬಂದ ಮೇಲೆ ಆ ಆರು ಸಾಲಿನ ಮಹಿಳೆ ಯಾರು ಎಂದು ತಿಳಿಯಿತು.

ಏಣಿ ಮರೆಯಲಿಲ್ಲ. ಅವಳು ಸುತ್ತು ಬಂದಿದ್ದಾಳೆ, ಕೆಂಪು ಹುಡುಕಿದ್ದಾಳೆ, ಇರಲಿಲ್ಲ, ಹತ್ತಿದ್ದಾಳೆ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಅವಳ ತಾಯಿಗೆ ಇದನ್ನು ಬರೆದು ತಿಳಿಸು. ಮಗಳು ಎಚ್ಚರ ತಪ್ಪಿದವಳಲ್ಲ ಎಂದು ಆ ಮನೆಗೆ ಮೊದಲು ಗೊತ್ತಾಗಬೇಕು.

ಇದರೊಳಗೆ ಒಂದು ಬೂದು ಗವಸು ಇಟ್ಟಿದ್ದೇನೆ. ಮಂಗಳವಾರ ನೀನು ಹತ್ತುವ ಮೊದಲು ನಿಮ್ಮ ದೊಡ್ಡ ಅಧಿಕಾರಿಯನ್ನು ವಿಮಾನದ ಹತ್ತಿರ ಕರೆದುಕೊಂಡು ಹೋಗು. ಅವರಿಗೆ ಗೊತ್ತಿಲ್ಲದ ಹಾಗೆ ಇದನ್ನು ಕೊಳವೆಗೆ ತೊಡಿಸು. ಹತ್ತು ಹೆಜ್ಜೆ ದೂರ ನಿಲ್ಲಿಸಿ, ಗವಸು ಇದೆಯೋ ಇಲ್ಲವೋ ಹೇಳಿ ಸಾರ್ ಎಂದು ಕೇಳು. ಬೈದರೆ ಬೈಯಲಿ. ನಿನ್ನ ಜೊತೆಯವರಿಗೆಲ್ಲ ಹೀಗೇ ತೋರಿಸು.

ನಮ್ಮ ಕಡೆಯಿಂದ ಆಗುವುದನ್ನು ಮಾಡುತ್ತಿದ್ದೇವೆ. ದಾರ ಪೋಣಿಸಲು ಈ ವಾರದ ನೂರಿಪ್ಪತ್ತು ಗವಸುಗಳನ್ನು ಮನೆಗೆ ತಂದಿದ್ದೆ. ಬಾಗಿಲು ಹಾಕಿದ ನಮ್ಮ ಅಂಗಡಿಯಲ್ಲಿ, ಬಟ್ಟೆ ಹಾಕಿಕೊಂಡು ನೋಡುವ ಮೂಲೆಗೆ ಕಟ್ಟಿದ್ದ ಕೆಂಪು ಪರದೆ ನೆನಪಿದೆಯಾ? ಚಿಕ್ಕವಳಿದ್ದಾಗ ಅದರ ಹಿಂದೆ ಬಚ್ಚಿಟ್ಟುಕೊಂಡು ಗಿರಾಕಿಗಳನ್ನು ಹೆದರಿಸುತ್ತಿದ್ದೆ. ಅದನ್ನು ಬಿಚ್ಚಿ ತಂದೆ. ಬಿಸಿಲಿಗೆ ಅರ್ಧ ಬಿಳಚಿಹೋಗಿದೆ, ಉಳಿದರ್ಧ ಬೆಳಗಿನಿಂದ ಬಾಲಗಳಾಯಿತು. ಇನ್ನು ಹೊದಿಕೆಯ ಬಿಳಿ ಪಟ್ಟಿಗಳೇ ಗತಿ. ಬಿಳಿಯೂ ಬೂದು ಬಣ್ಣಕ್ಕಿಂತ ವಾಸಿ. “ಸರ್ಕಾರಕ್ಕೆ ಹಾಸಿಗೆ ಕೊಟ್ಟು ನಾವು ಚಾಪೆ ಮೇಲೆ ಮಲಗೋಣ ಬಿಡಿ” ಎಂದು ನಿನ್ನ ಅಮ್ಮ ಕತ್ತರಿ ಹಿಡಿದಿದ್ದಾಳೆ. ಸಂಜೆಯೊಳಗೆ ಎಲ್ಲ ನೂರಿಪ್ಪತ್ತಕ್ಕೂ ಬಾಲ ಬರುತ್ತದೆ.

ಕಿವಿಗೆ ಹತ್ತಿ ಇಟ್ಟುಕೋ. ಒಬ್ಬಳೇ ಕೋಣೆಯಲ್ಲಿ ಕೂರಬೇಡ, ಯಾರ ಜೊತೆಗಾದರೂ ಇರು. ಏಣಿಯ ಮಂಚ ಖಾಲಿ ಇದೆ, ಆ ಕಡೆ ನೋಡಲಾರೆ ಎಂದು ಬರೆದಿದ್ದೆ. ನಾನೂ ಅಂಗಡಿಯ ಅಳತೆ ಪುಸ್ತಕದಲ್ಲಿ ಅವಳ ಪುಟ ತೆಗೆದು ಮುಚ್ಚಿಟ್ಟೆ. ನೂರು ವರ್ಷ ಬಾಳು ಎಂದು ಹರಸುವ ಧೈರ್ಯ ಇವತ್ತು ನನಗಿಲ್ಲ. ಮಂಗಳವಾರ ಸಂಜೆ ನೆಲದ ಮೇಲೆ ನಿಂತಿರು, ಅಷ್ಟು ಸಾಕು.

ನಿನ್ನ ಅಮ್ಮನ ಮುತ್ತುಗಳೊಂದಿಗೆ,
ನಿನ್ನ ಅಜ್ಜ

ತಾ.ಕ. ಸಂಜೆ ಬರುತ್ತೇನೆಂದಿದ್ದ ಲಾರಿ ಈಗಲೇ ಬಂದುಬಿಟ್ಟಿದೆ. ಮಾಲು ಕೊಡಿ, ಇಲ್ಲದಿದ್ದರೆ ಕೊಡಲಿಲ್ಲ ಎಂದು ಬರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ನಿನ್ನ ಅಮ್ಮ ಹೊರಗೆ ಅವನನ್ನು ಮಾತಿಗೆಳೆದು ನಿಲ್ಲಿಸಿದ್ದಾಳೆ, ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ. ಅವಳಿಗೆ ಇದು ಗೊತ್ತಿಲ್ಲ. ಅಧಿಕಾರಿ ತಂದ ಗವಸಿನ ಒಳಗೆ ನೀಲಿ ದಾರದ ಏಳು ಹೊಲಿಗೆ ಇತ್ತು. ಅದು ನನ್ನ ಗುರುತು. ರೆಕ್ಕೆ ಮುರಿದು ಹೊಲದಲ್ಲಿ ಬಿದ್ದಿದ್ದರೂ ಗವಸು ಕೊಳವೆ ಬಿಟ್ಟಿರಲಿಲ್ಲವಂತೆ. “ಯಾರ ಕೈಕೆಲಸ ಇದು?” ಎಂದು ಕೇಳಿದಾಗ, ಬಹುಮಾನಕ್ಕೆ ಕರೆದವರ ಹಾಗೆ ಮುಂದೆ ಹೋಗಿ “ನನ್ನದೇ ಸಾರ್” ಎಂದೆ. ಬಾಲ ಎಲ್ಲಿ ಎಂದರು. ನನಗಿಂತ ಮೊದಲು ಮೇಸ್ತ್ರಿ, “ಬೀಳುವಾಗ ಕಿತ್ತುಹೋಗಿರಬೇಕು ಸಾರ್, ನಾವು ಹಾಕೇ ಕಳಿಸೋದು” ಎಂದ. ಹಾಗೆಂದು ಟೈಪು ಮಾಡಿದ ಕಾಗದಕ್ಕೆ ನಾನು ಸಹಿ ಹಾಕಿದೆ. ಪೇಪರಿನ ಆರು ಸಾಲು ಬಂದದ್ದು ನನ್ನ ಸಹಿಯಿಂದ. ನಾಳೆ ಬೆಳಗ್ಗೆ ತನಿಖೆ ಕಚೇರಿಗೆ ಹೋಗಿ ಸುಳ್ಳು ಎಂದು ಬರೆದುಕೊಡುತ್ತೇನೆ. ಹೇಳಿಕೆ ತಿರುಗಿಸಿದವರನ್ನು ಒಳಗೆ ಹಾಕುತ್ತಾರೆ ಎಂದು ಮೇಸ್ತ್ರಿ ಹೇಳಿದ್ದಾನೆ. ಹಾಕಲಿ. ಅದು ಬೇರೆ ಮಾತು.

ಮೂವತ್ತೊಂದಕ್ಕೆ ಮಾತ್ರ ಬಾಲ ಹಾಕಲು ಆಯಿತು. ಎಂಬತ್ತೊಂಬತ್ತು ಬೂದು ಗವಸು ಈ ಕಾಗದದ ಜೊತೆಗೇ, ಇದೇ ಲಾರಿಯಲ್ಲಿ, ನಿಮ್ಮ ನಿಲ್ದಾಣಕ್ಕೆ ಬರುತ್ತಿವೆ. ತಡೆಯಲು ನನ್ನಿಂದ ಆಗಲಿಲ್ಲ. ಚೂಟಿ, ಕೆಂಪು ಕಾಣಲಿಲ್ಲವೆಂದು ಹತ್ತಬೇಡ. ಎಷ್ಟು ಅವಸರವಿದ್ದರೂ, ಯಾರು ತೆಗೆದಿದ್ದೇನೆ ಎಂದರೂ, ಕೈ ಚಾಚಿ ಕೊಳವೆಯನ್ನು ತುದಿಯವರೆಗೆ ಮುಟ್ಟು. ತಣ್ಣನೆಯ ಲೋಹ ತಗಲಬೇಕು. ಬೆರಳಿಗೆ ಬಟ್ಟೆ ತಗಲಿದರೆ, ಅದು ನಿನ್ನ ಅಜ್ಜ.